ದೊಡ್ಡಪ್ಪನ ಫೋನಿಗೆ ರೀಸೆಟ್ ಬೇಡ

ದೊಡ್ಡಪ್ಪ, ನಮಸ್ಕಾರ. ನಿನ್ನೆ ರಾತ್ರಿ ನೀವು ಗುಂಪಿನಲ್ಲಿ ಹಾಕಿದ ಮೆಸೇಜನ್ನು ಇಂದು ಬೆಳಿಗ್ಗೆ ಕಾರವಾರದಲ್ಲಿ ಬಸ್ಸಿಗೆ ಕಾಯುತ್ತ ಓದಿದೆ. ಸೋಮವಾರ ಅಪ್‌ಡೇಟ್ ಆದಂದಿನಿಂದ ಫೋನು ಕಿಸೆಯಲ್ಲೇ ಬಿಸಿಯಾಗುತ್ತದೆ, ಮಧ್ಯಾಹ್ನದೊಳಗೆ ಚಾರ್ಜು ಮುಗಿಯುತ್ತದೆ, ವಾಟ್ಸಾಪ್ ತೆರೆದರೆ ಮಾತ್ರ ಮೆಸೇಜು ಬರುತ್ತದೆ, ಬ್ಯಾಂಕಿನ ಆ್ಯಪು ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ, ಬಂದ ಕರೆಯನ್ನು ಎತ್ತುವುದು ಹೇಗೆಂದೇ ತಿಳಿಯುವುದಿಲ್ಲ ಎಂದು ಬರೆದಿದ್ದೀರಿ. ಶಿರಸಿ ಪೇಟೆಯ ಅಂಗಡಿಯವನು ರೀಸೆಟ್ ಹೊಡೆದರೆ, ಅಂದರೆ ಫೋನಿನಲ್ಲಿದ್ದದ್ದನ್ನೆಲ್ಲ ಅಳಿಸಿ ಹೊಸದರಂತೆ ಮಾಡಿದರೆ, ಎಲ್ಲ ಸರಿಯಾಗುತ್ತದೆ ಎಂದನಂತೆ. ಅದಕ್ಕೆ ಗುಂಪಿನಲ್ಲಿ ಮೂವರು ಹೆಬ್ಬೆರಳನ್ನೂ ಎತ್ತಿದ್ದಾರೆ. ಉದ್ದದ ಮೆಸೇಜು ಓದುವುದು ನಿಮ್ಮ ಕಣ್ಣಿಗೆ ತ್ರಾಸು ಎಂದು ಗೊತ್ತಿರುವುದರಿಂದ ಮಾತಿನಲ್ಲೇ ಹೇಳುತ್ತಿದ್ದೇನೆ. ಒಂದೇ ಸಲಕ್ಕೆ ಕೇಳಿ ಮುಗಿಸದಿದ್ದರೂ ಅಡ್ಡಿಯಿಲ್ಲ. ಶನಿವಾರ ನಾನು ಬರುವವರೆಗೆ ರೀಸೆಟ್ ಮಾತ್ರ ಮಾಡಿಸಬೇಡಿ.

ಬಿಸಿಯ ವಿಷಯ ಮೊದಲು. ಫೋನಿನ ಮೂಲ ವ್ಯವಸ್ಥೆಯೇ ಬದಲಾದಾಗ, ಅದರಲ್ಲಿರುವ ಪ್ರತಿಯೊಂದು ಆ್ಯಪನ್ನೂ ಹೊಸ ವ್ಯವಸ್ಥೆಗೆ ಒಗ್ಗುವಂತೆ ಫೋನು ಒಳಗಿಂದೊಳಗೇ ಮತ್ತೊಮ್ಮೆ ಸಿದ್ಧಪಡಿಸಬೇಕಾಗುತ್ತದೆ. ಈ ಕೆಲಸ ನಡೆಯುವಾಗ ಫೋನು ಬಿಸಿಯಾಗುವುದೂ ಚಾರ್ಜು ಬೇಗ ಇಳಿಯುವುದೂ ಸಹಜ; ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮುಗಿಯುತ್ತದೆ. ಆದರೆ ಇದರ ಬಹುಪಾಲನ್ನು ಫೋನು ಮಾಡಿಕೊಳ್ಳುವುದು ತಾನು ಚಾರ್ಜಿಗೆ ಕೂತಿರುವಾಗ, ಯಾರೂ ಮುಟ್ಟದೆ ಬಿಟ್ಟಿರುವಾಗ, ಅಂದರೆ ರಾತ್ರಿಯಲ್ಲಿ. ನೀವೋ ಒಂಬತ್ತೂವರೆಗೆ ಸರಿಯಾಗಿ ಫೋನನ್ನು ಸ್ವಿಚ್ ಆಫ್ ಮಾಡಿ ದೇವರ ಕೋಣೆಯ ಪಕ್ಕದ ಗೂಡಿನಲ್ಲಿ ಇಟ್ಟುಬಿಡುತ್ತೀರಿ. ಹಾಗಾಗಿ ಸೋಮವಾರ ಶುರುವಾದ ಕೆಲಸ ಇನ್ನೂ ಮುಗಿದಿಲ್ಲವೆಂದು ನನ್ನ ಅನುಮಾನ. ಜೊತೆಗೆ, ಬಿಸಿಯಾಯಿತೆಂದು ಗಂಟೆಗೊಮ್ಮೆ ಆಫ್ ಮಾಡಿ ಆನ್ ಮಾಡುವುದರಿಂದ ಅರ್ಧ ಆದದ್ದೂ ನಿಂತುಹೋಗುತ್ತದೆ. ಇಂದು ಮತ್ತು ನಾಳೆ ರಾತ್ರಿ ದಯವಿಟ್ಟು ಫೋನನ್ನು ಆನ್ ಇಟ್ಟು, ಹಿಂದಿನ ಕವರು ತೆಗೆದು, ಹಾಸಿಗೆಯ ಮೇಲಲ್ಲದೆ ಮೇಜಿನ ಮೇಲೆ ಚಾರ್ಜಿಗೆ ಹಾಕಿ, ವೈಫೈ ಆಫ್ ಮಾಡದೆ ಮಲಗಿ. ನಡುರಾತ್ರಿ ಕರೆಂಟು ಹೋದರೆ ಹೋಗಲಿ, ಬಂದಾಗ ಮುಂದುವರಿಯುತ್ತದೆ. ಇಷ್ಟಾದ ಮೇಲೂ ಸುಮ್ಮನೆ ಇಟ್ಟ ಫೋನು ಸುಡುತ್ತಿದ್ದರೆ ಅಥವಾ ಬೆನ್ನು ಉಬ್ಬಿದಂತೆ ಕಂಡರೆ ಅದು ಬ್ಯಾಟರಿಯ ದೋಷವಿರಬಹುದು. ಉಬ್ಬಿದ್ದನ್ನು ಚಾರ್ಜಿಗೂ ಹಾಕಬಾರದು.

ವಾಟ್ಸಾಪಿನದು ಎರಡು ನಿಮಿಷದ ಕೆಲಸ. ಅಪ್‌ಡೇಟ್ ಆದಾಗ ಕೆಲವು ಫೋನುಗಳಲ್ಲಿ ಬ್ಯಾಟರಿ ಉಳಿಸುವ ಏರ್ಪಾಡು ಮೊದಲಿನ ಸ್ಥಿತಿಗೆ ಮರಳಿ, ತೆರೆಯದ ಆ್ಯಪುಗಳನ್ನು ಮಲಗಿಸಿಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರಲ್ಲಿ ವಾಟ್ಸಾಪ್, ಅದರಲ್ಲಿ ಬ್ಯಾಟರಿ ಎಂಬಲ್ಲಿಗೆ ಹೋಗಿ ‘ಅನ್‌ರಿಸ್ಟ್ರಿಕ್ಟೆಡ್’ ಎಂಬುದನ್ನು ಆರಿಸಿದರೆ ಅಡಿಕೆ ದರದ ಮೆಸೇಜು ಮಾರುಕಟ್ಟೆ ಮುಚ್ಚಿದ ಮೇಲೆ ಬರುವುದು ತಪ್ಪುತ್ತದೆ. ಕೂಸಿಗೆ ಹೇಳಿ, ಅವಳು ಮಾಡಿಕೊಡುತ್ತಾಳೆ.

ಬ್ಯಾಂಕಿನ ಆ್ಯಪಿಗೆ ಪ್ಲೇ ಸ್ಟೋರಿನಲ್ಲಿ ಹೊಸ ಆವೃತ್ತಿ ಬಂದಿದೆಯೇ ನೋಡಬೇಕು. ಅದರೊಂದಿಗೆ ‘ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ’ ಎಂಬುದನ್ನೂ ಅಪ್‌ಡೇಟ್ ಮಾಡಿಸಿ. ಅನೇಕ ಆ್ಯಪುಗಳು ತಮ್ಮೊಳಗೆ ಪುಟಗಳನ್ನು ತೋರಿಸುವುದು ಇದರ ಮೂಲಕ. 2021ರ ಮಾರ್ಚ್‌ನಲ್ಲಿ ಇದೊಂದೇ ಭಾಗದ ದೋಷದಿಂದ ಎಷ್ಟೋ ದೇಶಗಳಲ್ಲಿ ಆ್ಯಪುಗಳು ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದ್ದವು. ಗೂಗಲ್ ಹೊಸ ಆವೃತ್ತಿ ಬಿಟ್ಟ ಮೇಲೆ ಸರಿಹೋಯಿತು. ಆಗಲೂ ಗಾಬರಿಯಿಂದ ರೀಸೆಟ್ ಮಾಡಿಸಿ ಎಲ್ಲ ಕಳೆದುಕೊಂಡವರಿದ್ದರು.

ಕರೆ ಎತ್ತುವ ಪರದೆ ಬದಲಾದದ್ದಕ್ಕೆ ಸೋಮವಾರದ ಅಪ್‌ಡೇಟ್ ಕಾರಣವಾಗಿರಲಿಕ್ಕಿಲ್ಲ. ಗೂಗಲ್‌ನ ಫೋನ್ ಆ್ಯಪಿನ ರೂಪ 2025ರ ಆಗಸ್ಟ್‌ ಹೊತ್ತಿಗೆ ಅನೇಕರ ಫೋನಿನಲ್ಲಿ ತಾನಾಗಿಯೇ ಬದಲಾಗಿತ್ತು; ನಿಮ್ಮದಕ್ಕೆ ಈಗ ಬಂದಿರಬಹುದು. ಆ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಕಮಿಂಗ್ ಕಾಲ್ ಜೆಸ್ಚರ್’ ಎಂದಿರುತ್ತದೆ. ಅಲ್ಲಿ ಎಳೆಯುವುದರ ಬದಲು ಒತ್ತುವುದನ್ನು ಆರಿಸಿಕೊಂಡರೆ, ಅಡಿಕೆ ಸುಲಿದು ಕಲೆಯಾದ ಬೆರಳಿನಿಂದಲೂ ಕರೆ ಎತ್ತಬಹುದು.

ತೋಟಕ್ಕೆ ಇಳಿದಾಗ ಚಾರ್ಜು ಇನ್ನೂ ಬೇಗ ಹೋಗುತ್ತದೆ ಎಂದಿರಿ. ಸಿಗ್ನಲ್ ಕ್ಷೀಣವಾದಷ್ಟೂ ಟವರನ್ನು ಹಿಡಿದುಕೊಳ್ಳಲು ಫೋನು ಹೆಚ್ಚು ಶಕ್ತಿ ವ್ಯಯಿಸುತ್ತದೆ, ನಮ್ಮ ಕಣಿವೆಯಲ್ಲಿ ಅದು ಇದ್ದದ್ದೇ. ನೆಟ್‌ವರ್ಕಿನ ಆಯ್ಕೆ 5ಜಿ ಆಗಿದ್ದರೆ 4ಜಿಗೆ ಇಳಿಸಿ. ಮನೆಯಲ್ಲಿ ಹೇಗೂ ಫೈಬರ್ ಇದೆ. ನಿಮ್ಮ ಸಿಮ್ಮಿನಲ್ಲಿ ವೈಫೈ ಕಾಲಿಂಗ್, ಅಂದರೆ ಟವರಿನ ಬದಲು ವೈಫೈ ಮೂಲಕ ಕರೆ ಹೋಗುವ ಸೌಲಭ್ಯವಿದ್ದರೆ ಅದನ್ನು ಆನ್ ಮಾಡಿಕೊಂಡಾಗ ಜಗುಲಿಯ ತುದಿಗೆ ಓಡದೆ ಒಳಗೆ ಕುಳಿತೇ ಮಾತಾಡಬಹುದು.

ಇನ್ನು ರೀಸೆಟ್ ಬೇಡವೆಂದು ಇಷ್ಟು ಹಟ ಹಿಡಿಯಲು ಕಾರಣವಿದೆ. ಹೋದ ವರ್ಷ ಆಯಿಯ ಫೋನು ಅಪ್‌ಡೇಟ್ ಆದ ಮರುದಿನ ಬಿಸಿಯಾಯಿತೆಂದು ಒಂದು ಅಂಗಡಿಗೆ ಕೊಟ್ಟರು. ಆತ ಗುಂಡಿಗಳನ್ನು ಒತ್ತಿ ಹಿಡಿದು ರಿಕವರಿ ಎಂಬ ದಾರಿಯಿಂದ ರೀಸೆಟ್ ಮಾಡಿಬಿಟ್ಟ. ಅಜ್ಜನ ಸಹಸ್ರಚಂದ್ರ ದರ್ಶನ ಶಾಂತಿಯ ಫೋಟೋಗಳು ಬೇರೆಲ್ಲೂ ಇರಲಿಲ್ಲ, ಹೋದವು. ಹಾಗೆ ರೀಸೆಟ್ ಆದ ಫೋನು ಮೊದಲಿದ್ದ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಕದ್ದವನಿಗೆ ಉಪಯೋಗವಾಗಬಾರದೆಂದು 2015ರ ಆಂಡ್ರಾಯ್ಡ್ 5.1ರಲ್ಲಿ ಬಂದ ಬೀಗ ಅದು. ಖಾತೆ ತೆರೆದುಕೊಟ್ಟವನು ಫೋನು ಮಾರಿದ ಹುಡುಗ, ಅವನು ಊರು ಬಿಟ್ಟಿದ್ದ. ಮೂರು ವಾರ ಫೋನು ಕಪಾಟಿನಲ್ಲಿತ್ತು. ನಿಮ್ಮ ಖಾತೆಯನ್ನು ತೆರೆದವರು ಯಾರು ದೊಡ್ಡಪ್ಪ, ನೆನಪಿದೆಯೇ?

ಮತ್ತೊಂದು ಮಾತು. ವಾಟ್ಸಾಪ್ ಪ್ರತಿದಿನ ನಸುಕಿನ 2 ಗಂಟೆಗೆ ತನ್ನ ಪ್ರತಿಯನ್ನು ಫೋನಿನೊಳಗೇ ಉಳಿಸಿಕೊಳ್ಳುತ್ತದೆ. ಆ ಹೊತ್ತಿಗೆ ನಿಮ್ಮ ಫೋನು ಆಫ್ ಆಗಿ ಗೂಡಿನಲ್ಲಿರುತ್ತದೆ. ಅಲ್ಲದೆ ರೀಸೆಟ್ ಮಾಡಿದರೆ ಫೋನಿನೊಳಗಿನ ಆ ಪ್ರತಿಯೂ ಅಳಿಸಿಹೋಗುವುದರಿಂದ, ಗೂಗಲ್ ಖಾತೆಗೂ ಒಂದು ಪ್ರತಿ ಹೋಗಿದೆಯೇ ಎಂದು ನೋಡದೆ ಮುಂದುವರಿಯುವಂತಿಲ್ಲ. ಹಣ ಕಳಿಸುವ ಆ್ಯಪನ್ನು ಪುನಃ ಹಾಕಿಕೊಳ್ಳಬೇಕಾದರೆ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮಿನಿಂದಲೇ ಎಸ್ಸೆಮ್ಮೆಸ್ಸು ಹೋಗಬೇಕು; ನಮ್ಮ ಮನೆಯೊಳಗಿಂದ ಅದು ಹೋದರೆ ಹೋಯಿತು.

ಹಳೆಯ ಆವೃತ್ತಿಗೇ ಮರಳಿಸಿ ಎಂದು ತಮ್ಮ ಬರೆದಿದ್ದಾನೆ. ತಮ್ಮಾ, ಹಿಂದಕ್ಕೆ ಹೋಗದಂತೆ ಅನೇಕ ಫೋನುಗಳಲ್ಲಿ ತಡೆಯಿರುತ್ತದೆ. ಅದಕ್ಕಾಗಿ ಬೂಟ್‌ಲೋಡರಿನ, ಅಂದರೆ ಫೋನನ್ನು ಶುರುಮಾಡುವ ಮೂಲ ತಂತ್ರಾಂಶದ, ಬೀಗ ತೆಗೆದರೆ ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಬ್ಯಾಂಕಿನ ಆ್ಯಪೂ ತಕರಾರು ತೆಗೆಯುತ್ತದೆ. ಅದು ದೊಡ್ಡಪ್ಪನ ಫೋನಿನ ಮೇಲೆ ಕಲಿಯುವ ವಿದ್ಯೆಯಲ್ಲ.

ಶನಿವಾರ ಬೆಳಗಿನ ಬಸ್ಸಿಗೆ ಹೊರಟು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತೇನೆ. ಅಷ್ಟರೊಳಗೆ ಪಾಸ್‌ವರ್ಡ್ ಬರೆದಿಟ್ಟ ಡೈರಿಯನ್ನು ಹುಡುಕಿಡಿ. ಕಳೆದ ಸಲ ಅದು ಪಂಚಾಂಗದ ಕಟ್ಟಿನೊಳಗೆ ಇತ್ತು. ಯಕ್ಷಗಾನದ ವಿಡಿಯೋಗಳಲ್ಲಿ ಉಳಿಸಬೇಕಾದವು ಯಾವುವೆಂದು ಯೋಚಿಸಿಡಿ, ಉಳಿದವನ್ನು ಇಬ್ಬರೂ ಕೂತು ಅಳಿಸೋಣ. ಇಂದು ರಾತ್ರಿ ಮಾತ್ರ ಸ್ವಿಚ್ ಆಫ್ ಮಾಡಬೇಡಿ.