22 ವರ್ಷ ಕೈಯಲ್ಲೇ ಕಿರ್ದಿ ಬರೆದವನು, ಕಂಪ್ಯೂಟರ್‌ನಲ್ಲಿ ಒಂದು ದೊಡ್ಡ ತಪ್ಪಾತು, ಈಗ ಕೀಬೋರ್ಡ್ ಮುಟ್ಟೋಕೇ ಕೈ ಬರ್ತಿಲ್ಲ. ಏನ್ ಮಾಡ್ಲಿ?

ಕಿರ್ದಿ ಗುಮಾಸ್ತ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೀತಿರೋದು ಇದೇ ಫಸ್ಟು, ಉದ್ದ ಆದ್ರೆ ಬೇಜಾರಾಗಬ್ಯಾಡ್ರಿ. ದಾವಣಗೆರೆ ಎಪಿಎಂಸಿ ಒಳಗೆ ಒಂದು ದಲಾಲಿ ಅಂಗಡಿಲಿ ಗುಮಾಸ್ತ ನಾನು, ವಯಸ್ಸು 46, ಅದೇ ಅಂಗಡಿಲಿ 22 ವರ್ಷ ಆತು. ಇಷ್ಟು ವರ್ಷ ಕಿರ್ದಿ (ದಿನದ ಲೆಕ್ಕದ ಪುಸ್ತಕ), ಖಾತೆ, ರೈತರ ಪಟ್ಟಿ (ಮಾಲಿನ ತೂಕ, ದುಡ್ಡು ಬರೆದ ಬಿಲ್ಲು) ಎಲ್ಲಾ ಕೈಯಲ್ಲೇ ಬರ್ದಿದ್ದು, ನನ್ನ ಪುಸ್ತಕದಾಗೆ ಒಂದು ಚಿತ್ತುಕಾಟು ಸಿಗ್ತಿರಲಿಲ್ಲ, ಸಾಹುಕಾರ್ರು ಬೇರೆ ಅಂಗಡಿಯವರಿಗೆ ತೆಗೆದು ತೋರಿಸ್ತಿದ್ರು. 2017ರಲ್ಲಿ ಜಿಎಸ್‌ಟಿ ಬಂದಾಗ್ಲೂ ಕಂಪ್ಯೂಟರ್ ಕೆಲಸ ಎಲ್ಲಾ ಆಡಿಟರ್ ಆಫೀಸಲ್ಲೇ ಆಗ್ತಿತ್ತು. ಹೋದ ವರ್ಷ ಸಾಹುಕಾರ್ರ ಮಗ ಅಂಗಡಿಗೆ ಬಂದು ಕೂತ್ಮೇಲೆ ಎಲ್ಲಾನೂ ಟ್ಯಾಲಿಗೆ, ಅಂದ್ರೆ ಲೆಕ್ಕ ಬರೆಯೋ ಕಂಪ್ಯೂಟರ್ ಸಾಫ್ಟ್‌ವೇರ್‌ಗೆ ಹೋತು.

ಈ ಸೀಸನ್‌ನಾಗೆ ಜಗಳೂರು ಕಡೆ ರೈತರೊಬ್ರು, ಅಣ್ಣತಮ್ಮಂದಿರು ಸೇರಿ ಒಂದು ಲಾರಿ ಮೆಕ್ಕೆಜೋಳ ತಂದಿದ್ರು. ವೇಬ್ರಿಡ್ಜ್ ಚೀಟಿಲಿ ನೆಟ್ ತೂಕ 16,450 ಕೆಜಿ. ನಾನು ಹೊಡೆದಿದ್ದು 14,650. ಅಂದ್ರೆ 18 ಕ್ವಿಂಟಲ್ ಕಮ್ಮಿ, ಅವತ್ತಿನ ರೇಟು 2,100, ಲೆಕ್ಕ ಹಾಕ್ರಿ, 37,800 ರೂಪಾಯಿ. ಆ ಯಜಮಾನ್ರು ಮೂರು ದಿನ ಬಿಟ್ಟು ಚೀಟಿ ಹಿಡ್ಕಂಡು ಬಂದ್ರು. ಜಗಳ ಮಾಡಿದ್ರೆ ತಡ್ಕೋತಿದ್ದೆ. "ನೀವು ಬರ್ದಿದ್ದಲ್ವ ಅಂತ ನಾ ಪಟ್ಟಿ ನೋಡ್ಲೇ ಇಲ್ಲ ಅಣ್ಣಾರೇ" ಅಂದ್ರು. ಸಾಹುಕಾರ್ರು ಅಲ್ಲೇ ದುಡ್ಡು ಎಣಿಸಿ ಕೊಟ್ರು, ನನಗೆ ಒಂದು ಮಾತೂ ಅನ್ನಲಿಲ್ಲ.

ಅವತ್ತಿಂದ ಒಂದೊಂದು ಎಂಟ್ರಿನೂ ನಾಕೈದು ಸಲ ನೋಡ್ತೀನಿ, ಆದ್ರೂ ಎಂಟರ್ ಒತ್ತೋಕೆ ಭಯ, ಎದುರಿಗೆ ರೈತರು ಕಾಯ್ತಿರ್ತಾರೆ, ಹಮಾಲರು ಕಾಯ್ತಿರ್ತಾರೆ, ಸಾಹುಕಾರ್ರ ಮಗ, ಆ ಹುಡುಗ, "ಬಿಡಿ ಅಂಕಲ್ ನಾನ್ ಹೊಡೀತೀನಿ" ಅಂತ ಕುರ್ಚಿ ಎಳ್ಕೋತಾನೆ. ಇನ್ನೊಂದು ವಿಷಯ ಹೇಳ್ಲೇಬೇಕು. ನನ್ನ ಮಗಳು ಸೆಕೆಂಡ್ ಪಿಯು ಸೈನ್ಸು. ಫಿಸಿಕ್ಸ್ ಟೆಸ್ಟ್‌ನಲ್ಲಿ ಕಮ್ಮಿ ಬಂದಾಗ "ನಮ್ಮನೇಲಿ ಲೆಕ್ಕ ತಪ್ಪಿದೋರು ಯಾರೂ ಇಲ್ಲ" ಅಂತ ಬೈದಿದ್ದೆ. ಅದಾಗಿ ಒಂದು ತಿಂಗಳಿಗೇ ಇದಾತು. ಮನೇಲಿ ಇನ್ನೂ ಹೇಳಿಲ್ಲ.

ಈ ವಯಸ್ಸಲ್ಲಿ ಹೊಸದು ಕಲಿಯೋಕಾಗುತ್ತಾ, ಇಲ್ಲಾ ಇನ್ನೂ ಕೈಲಿ ಬರೆಸೋ ಅಂಗಡಿ ಹುಡುಕ್ಕೊಂಡು ಹೋಗ್ಲಾ?

ನಿಟ್ಟುವಳ್ಳಿ ಹುಡುಗ

ಅಣ್ಣಾ ಬೇರೆ ಅಂಗಡಿ ಹುಡುಕೋ ಯೋಚನೆ ಬಿಟ್ಬಿಡಿ. ನಮ್ಮಪ್ಪ ಕಾಟನ್ ಮಿಲ್‌ನಲ್ಲಿದ್ರು, ಮಿಲ್ ಮುಚ್ಚಿದ್ಮೇಲೆ ಇವತ್ತು ತೆಗೀತಾರೆ ನಾಳೆ ತೆಗೀತಾರೆ ಅಂತ ವರ್ಷಗಟ್ಟಲೆ ಕಾದ್ರು, ಬೆಳಿಗ್ಗೆ ಎದ್ದು ಶರ್ಟ್ ಹಾಕ್ಕೊಂಡು ಮಿಲ್ ಗೇಟ್ ತನಕ ಹೋಗಿ ವಾಪಸ್ ಬರೋರು, ನಾನು ಚಿಕ್ಕೋನು, ಕೈ ಹಿಡ್ಕೊಂಡು ಜೊತೆಗೆ ಹೋಗಿದ್ದು ನೆನಪೈತಿ. ಕೊನೆಗೆ ಅಮ್ಮನೇ ಸಂಜೆ ಮಂಡಕ್ಕಿ ಮೆಣಸಿನಕಾಯಿ ಗಾಡಿ ಶುರು ಮಾಡಿದ್ಲು, ಅಪ್ಪ ಆಮೇಲೆ ಬಂದು ಎಣ್ಣೆ ಬಾಣಲೆ ಮುಂದೆ ನಿಂತ್ರು, ಮೊದಮೊದ್ಲು ಎಷ್ಟು ಮೆಣಸಿನಕಾಯಿ ಸೀಯಿಸಿದ್ರೋ ಲೆಕ್ಕ ಇಲ್ಲ. ಆ ಗಾಡಿಲೇ ನಾವು ಮೂರು ಜನ ಓದಿದ್ದು. ಅಷ್ಟೇ ಯಾಕೆ, ನಮ್ಮೂರ ಬೆಣ್ಣೆ ದೋಸೆನೂ ಶುರುಲಿ ಈಗಿನ ಥರ ಇರಲಿಲ್ಲ. ಚೆನ್ನಮ್ಮ ಅನ್ನೋರು 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನ ಕಟ್ಕೊಂಡು ಬಂದು ರಾಗಿ ಹಿಟ್ಟಿನ ದೋಸೆ ಹಾಕ್ತಿದ್ರಂತೆ, ಅಕ್ಕಿ ಮಂಡಕ್ಕಿ ಉದ್ದಿನಬೇಳೆ ಹಿಟ್ಟು ಬಂದಿದ್ದು ಸುಮಾರು ಹತ್ತು ವರ್ಷ ಆದ್ಮೇಲೆ ಅಂತ ಹಳಬರು ಹೇಳ್ತಾರೆ.

ದುರ್ಗದ ಪೆನ್ಷನರ್

ಗುಮಾಸ್ತರೇ, ಚಿತ್ರದುರ್ಗದಿಂದ ಬರೀತಿದೀನಿ, ಬ್ಯಾಂಕ್‌ನಲ್ಲಿ ಕ್ಲರ್ಕ್ ಆಗಿ ಸೇರಿ ರಿಟೈರ್ ಆದೋನು. ನಿಮ್ಮ ಎರಡು ನಂಬರ್ ನೋಡಿದ ತಕ್ಷಣ ಗೊತ್ತಾಯ್ತು ಏನಾಗೈತೆ ಅಂತ. 16,450 ಮತ್ತೆ 14,650. ನೀವು ಬೇರೆ ಯಾವುದೋ ಅಂಕಿ ಹೊಡೆದಿಲ್ಲ, ಅದೇ ಅಂಕಿಗಳು, 6 ಮತ್ತೆ 4 ಜಾಗ ಬದಲಾಯಿಸಿದಾವೆ. ವ್ಯತ್ಯಾಸ 1,800, ಅದನ್ನ 9ರಿಂದ ಭಾಗಿಸಿ, 200 ಬರ್ತದೆ, ಶೇಷ ಇಲ್ಲ. ಪಕ್ಕಪಕ್ಕದ ಎರಡು ಅಂಕಿ ಅದಲು ಬದಲಾದ್ರೆ ವ್ಯತ್ಯಾಸ ಯಾವಾಗ್ಲೂ 9ರಿಂದ ಭಾಗ ಆಗ್ತದೆ, 64ರಲ್ಲಿ 46 ಕಳೀರಿ, 18. 91ರಲ್ಲಿ 19 ಕಳೀರಿ, 72. ನೀವೂ ಕಿರ್ದಿ ತಾಳೆ ಆಗದಿದ್ದಾಗ ಇದನ್ನ ಮಾಡಿರ್ತೀರಿ, 22 ವರ್ಷ ಪುಸ್ತಕ ಬರೆದೋರಿಗೆ ಗೊತ್ತಿಲ್ದೆ ಇರಲ್ಲ. ಆ ವಿದ್ಯೆ ಪುಸ್ತಕದ ಜೊತೆ ಹೋಗಲಿಲ್ಲ, ನಿಮ್ಮ ತಲೇಲೇ ಐತೆ.

ನನಗೂ ಹಿಂಗೇ ಆಗಿತ್ತು. ಎಂಬತ್ತರ ದಶಕದ ಕೊನೆ ಹೊತ್ತಿಗೆ ಬ್ಯಾಂಕ್‌ಗಳಿಗೆ ಲೆಡ್ಜರ್ ಪೋಸ್ಟಿಂಗ್ ಮೆಷಿನ್ ಬರೋಕೆ ಶುರುವಾಯ್ತು, ಅಲ್ಲಿ ತನಕ ದಪ್ಪ ಲೆಡ್ಜರ್, ಬ್ಯಾಲೆನ್ಸಿಂಗ್ ಅಂದ್ರೆ ಹತ್ತು ರೂಪಾಯಿ ತಾಳೆ ಆಗಲಿಲ್ಲ ಅಂತ ರಾತ್ರಿ ಒಂಬತ್ತರ ತನಕ ಕೂತಿರೋದು. ನನ್ನ ಅಕ್ಷರ ನೋಡಿ ಮ್ಯಾನೇಜರ್ ಹೊಗಳ್ತಿದ್ರು, ಮೆಷಿನ್ ಬಂದ್ಮೇಲೆ ಅಕ್ಷರ ಯಾರಿಗೆ ಬೇಕು. ಬಹಳ ದಿನ ಸಂಕಟ ಪಟ್ಟಿದೀನಿ. ನಾವು ತಪ್ಪೇ ಮಾಡಲ್ಲ ಅಂತ ಊರೆಲ್ಲಾ ನಂಬಿದ್ದು ನಮಗೇ ಭಾರ ಆಗಿರ್ತದೆ, ಆ ಭಾರ ಹೊತ್ಕೊಂಡು ಹೊಸದು ಕಲಿಯೋದು ಕಷ್ಟ ಸ್ವಾಮಿ.

ಒಂದು ಕೇಳ್ತೀನಿ. ಕೈಲಿ ಪಟ್ಟಿ ಬರೆಯುವಾಗ ತೂಕನ ಬಾಯಲ್ಲಿ ಜೋರಾಗಿ ಹೇಳ್ತಿದ್ರಾ? ನಾವೆಲ್ಲಾ ಹೇಳ್ತಿದ್ವಿ, ಒಬ್ಬ ಓದೋದು ಇನ್ನೊಬ್ಬ ಟಿಕ್ ಹಾಕೋದು. ಕಂಪ್ಯೂಟರ್ ಬಂದ್ಮೇಲೆ ಅದು ನಿಂತಿರಬೇಕು.

ಅಕೌಂಟ್ಸ್ ಅಕ್ಕ (ಹರಿಹರ)

ಎಲ್ಲರೂ ಅಣ್ಣನ ಮನಸ್ಸಿನ ಬಗ್ಗೆನೇ ಮಾತಾಡ್ತಿದೀರಿ, ನನಗೆ ಸ್ವಲ್ಪ ಬೇರೆ ಅನ್ನಿಸ್ತು. 22 ವರ್ಷ ಕೈಲಿ ಬರೆದೋರನ್ನ ತಂದು ಕೂರಿಸಿ ಎಷ್ಟು ದಿನ ಕಲಿಸಿದ್ರು? ಸೀಸನ್ ಮಧ್ಯೆ ನೇರ ಲೈವ್ ಎಂಟ್ರಿಗೆ ಬಿಟ್ರೆ ಯಾರಿಗಾದ್ರೂ ತಪ್ಪಾಗುತ್ತೆ, ನಾನು ಬಿಕಾಂ ಮಾಡಿ ಟ್ಯಾಲಿ ಕೋರ್ಸ್ ಮಾಡಿದೋಳು, ನನ್ನ ಕೆಲಸನೂ ಇನ್ನೊಬ್ರು ಚೆಕ್ ಮಾಡ್ತಾರೆ. ಚೀಟಿ ಒಬ್ರು ನೋಡಿ ಹೊಡೀಬೇಕು, ಪ್ರಿಂಟ್ ತೆಗೆಯೋ ಮುಂಚೆ ಇನ್ನೊಬ್ರು ಚೀಟಿ ಜೊತೆ ಹೋಲಿಸಬೇಕು. ಇದನ್ನ ಸಾಹುಕಾರ್ರ ಹತ್ರ ಬಾಯಿಬಿಟ್ಟು ಕೇಳಿ ಅಣ್ಣ. ಆ ಹುಡುಗ ಕುರ್ಚಿ ಎಳ್ಕೊಂಡಾಗ ಕೊಡಬೇಡಿ, ಪಕ್ಕದಲ್ಲಿ ಕೂತು ನೋಡು ಅನ್ನಿ. ಕುರ್ಚಿ ಬಿಟ್ಟುಕೊಟ್ಟಷ್ಟೂ ಕಲಿಯೋದು ದೂರ ಹೋಗುತ್ತೆ.

ಚಳ್ಳಕೆರೆ ಮೇಷ್ಟ್ರು

ನಾನು ಮಗಳ ವಿಷಯಕ್ಕೆ ಮಾತ್ರ ಬರ್ತೀನಿ ಸಾರ್. ಬಿ.ಎಡ್‌ನಲ್ಲಿ ನಮಗೆ ಒಂದು ಪ್ರಯೋಗ ಪಾಠ ಇತ್ತು. ಅಮೆರಿಕಾದ ರೊಸೆಂತಾಲ್ ಮತ್ತೆ ಜೇಕಬ್ಸನ್ ಅನ್ನೋರು ಕ್ಯಾಲಿಫೋರ್ನಿಯಾದ ಒಂದು ಪ್ರೈಮರಿ ಶಾಲೆಲಿ ಮಾಡಿ 1968ರಲ್ಲಿ ಪ್ರಕಟಿಸಿದ್ದು. ಟೀಚರ್‌ಗಳಿಗೆ ಕೆಲವು ಮಕ್ಕಳ ಹೆಸರು ಕೊಟ್ಟು, ಇವರು ಈ ವರ್ಷ ಚೆನ್ನಾಗಿ ಮೇಲೆ ಬರ್ತಾರೆ ಅಂತ ಟೆಸ್ಟ್‌ನಲ್ಲಿ ಗೊತ್ತಾಗಿದೆ ಅಂದ್ರು. ನಿಜವಾಗಿ ಆ ಹೆಸರುಗಳನ್ನ ಚೀಟಿ ಎತ್ತಿದ ಹಾಗೆ ಆರಿಸಿದ್ದು. ವರ್ಷದ ಕೊನೆಗೆ ಒಂದನೇ, ಎರಡನೇ ಕ್ಲಾಸಿನ ಆ ಮಕ್ಕಳು ಬೇರೆಯವರಿಗಿಂತ ಮುಂದೆ ಇದ್ರು, ದೊಡ್ಡ ಕ್ಲಾಸುಗಳಲ್ಲಿ ಅಷ್ಟು ಕಾಣಲಿಲ್ಲ. ಆಮೇಲೆ ಆ ಪ್ರಯೋಗದ ಟೆಸ್ಟ್ ಬಗ್ಗೆ ಬಹಳ ವಾದನೂ ಆಯ್ತು, ಅದಕ್ಕೇ ನಾನು ಅದನ್ನ ವೇದವಾಕ್ಯ ಅಂತ ಹೇಳಲ್ಲ. ಆದ್ರೆ ಕ್ಲಾಸಲ್ಲಿ ದಿನಾ ನೋಡ್ತೀನಿ, ಮೇಷ್ಟ್ರು ನನ್ನಿಂದಾಗುತ್ತೆ ಅಂತ ಅಂದ್ಕೊಂಡಿದಾರೆ ಅನ್ನೋ ಹುಡುಗಿ ತಪ್ಪು ಉತ್ತರನಾದ್ರೂ ಎದ್ದು ನಿಂತು ಹೇಳ್ತಾಳೆ, ಇನ್ನೊಬ್ಳು ಗೊತ್ತಿದ್ರೂ ತಲೆ ತಗ್ಗಿಸ್ತಾಳೆ.

ತಪ್ಪೇ ಆಗಬಾರದು ಅಂತ ನಿರೀಕ್ಷೆ ಇಟ್ರೆ ಮಕ್ಕಳು ತಪ್ಪು ಮಾಡೋದು ನಿಲ್ಲಿಸಲ್ಲ, ತೋರಿಸೋದು ನಿಲ್ಲಿಸ್ತಾರೆ. ನಿಮ್ಮ 37,800 ರೂಪಾಯಿ ಕತೆ ಮಗಳಿಗೆ ಹೇಳಿ ಸಾರ್. ದಯವಿಟ್ಟು.

ಕಿರ್ದಿ ಗುಮಾಸ್ತ (ದಾವಣಗೆರೆ)

ಎರಡು ವಾರ ಆದ್ಮೇಲೆ ಬರೀತಿದೀನಿ, ಲೇಟಾತು. ಪೆನ್ಷನರ್ ಸಾಹೇಬ್ರೇ, ನೀವು ಕೇಳಿದ್ದು ಖರೆ. ಮೊದ್ಲು "ಹದಿನಾರು ಸಾವಿರದ ನಾನೂರ ಐವತ್ತು" ಅಂತ ಜೋರಾಗಿ ಹೇಳಿ ಬರೀತಿದ್ದೆ, ರೈತ್ರೂ ಹೂಂ ಅಂತಿದ್ರು. ಕಂಪ್ಯೂಟರ್ ರೂಮಿಗೆ ಎಸಿ ಹಾಕಿ ಗ್ಲಾಸ್ ಬಾಗಿಲು ಮಾಡಿದ್ಮೇಲೆ ಆ ಮಾತೇ ನಿಂತೋಗಿತ್ತು. ಈಗ ಬಾಗಿಲು ತೆಗೆದಿಟ್ಟು ಹೇಳೇ ಹೊಡೀತೀನಿ. ಹರಿಹರದ ಅಕ್ಕಾರ ಮಾತು ಸಾಹುಕಾರ್ರಿಗೆ ಹೇಳಿದೆ, ಒಪ್ಪಿದ್ರು, ಹುಡುಗ ಪ್ರಿಂಟ್ ನೋಡಿ ಚೀಟಿ ಮೇಲೆ ಟಿಕ್ ಹಾಕ್ತಾನೆ.

ಮಗಳಿಗೆ ಭಾನುವಾರ ಹೇಳಿದೆ. ಅವಳು ಏನೂ ಅನ್ನಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಫಿಸಿಕ್ಸ್ ಪೇಪರ್ ತಂದು ನನ್ನ ಮುಂದೆ ಇಟ್ಲು, ಎರಡು ಟೆಸ್ಟಿನದ್ದು ತೋರಿಸಿರಲೇ ಇಲ್ಲ. ನನಗೆ ಫಿಸಿಕ್ಸ್ ಬರಲ್ಲ, ಆದ್ರೂ ಇಬ್ರೂ ಕೂತು ಎಲ್ಲೆಲ್ಲಿ ಮಾರ್ಕ್ಸ್ ಹೋಗೈತಿ ಅಂತ ಕೆಂಪು ಗೆರೆ ಎಣಿಸಿದ್ವಿ. ಮೂರು ಕಡೆ ಯೂನಿಟ್ ಬರೆದಿಲ್ಲ ಅಂತ ಹೋಗಿತ್ತು.

ನಿನ್ನೆ ಸಂಜೆ ಕ್ಯಾಶ್ 640 ರೂಪಾಯಿ ತಾಳೆ ಆಗಲಿಲ್ಲ. 9ರಿಂದ ಭಾಗ ಆಗಲಿಲ್ಲ, ಖರ್ಚು ತಪ್ಪಿ ಜಮಾ ಕಡೆ ಹೋದ್ರೆ ವ್ಯತ್ಯಾಸ ಎರಡು ಪಟ್ಟು ಬರ್ತೈತಿ ಅಂತ ಅರ್ಧ ಮಾಡಿದೆ, 320. 320 ಹಮಾಲಿ ಖರ್ಚು ಹುಡುಗ ಜಮಾ ಕಡೆ ಹಾಕಿದ್ದ. ಸ್ಕ್ರೀನ್ ಮೇಲೆ ಬೆರಳಿಟ್ಟು ತೋರಿಸಿದೆ, ಅವನ ಮುಖ ಕೆಂಪಾತು. "ಅರ್ಧ ಯಾಕೆ ಮಾಡಿದ್ರಿ ಅಂಕಲ್" ಅಂತ ಕೇಳಿದ. ಹಳೇ ಕಿರ್ದಿ ಪುಸ್ತಕ ಒಂದು ಅಟ್ಟದಿಂದ ಇಳಿಸಿದೀನಿ, ನಾಳೆ ವ್ಯಾಪಾರ ಕಮ್ಮಿ, ಕೂರಿಸ್ಕೊಂಡು ತೋರಿಸ್ತೀನಿ.