ಇಯರ್‌ಫೋನ್ ಬಲಗಡೆಯೇ ಪದೇ ಪದೇ ಹೋಗುತ್ತಿದೆ, ಬಾಳಿಕೆ ಬರುವಂಥದ್ದು ಯಾವುದು?

ಸಂಜೆರಾಗ: ಸಾಕಾಗಿಹೋಗಿದೆ. ಯಾವ ಇಯರ್‌ಫೋನ್ ತಗೊಂಡರೂ ಕೆಲವೇ ತಿಂಗಳು, ಆಮೇಲೆ ಬಲಗಡೆ ಹೋಗುತ್ತದೆ. ಪ್ರತಿ ಸಲವೂ ಬಲಗಡೆಯೇ! ಎಡಗಡೆ ಹೊಸದರ ಹಾಗೇ ಇರುತ್ತದೆ. ದುಬಾರಿಯದು ಬೇಡ. ಕಿವಿಯೊಳಗೆ ಕೂರುವಂಥದ್ದು, ದಿನಾ ಬಳಸಿದರೂ ಬಾಳಿಕೆ ಬರುವಂಥದ್ದು ಒಂದು ಹೇಳಿ.

ಬೆಸುಗೆಗಾರ: ಜ್ಯಾಕ್ ಹತ್ತಿರ ವೈರ್ ಕಟ್ ಆಗಿದೆ. ಹಾಡು ಹಾಕಿ, ಜ್ಯಾಕ್ ಪಕ್ಕದ ವೈರನ್ನು ಮೆಲ್ಲಗೆ ಬಗ್ಗಿಸಿ ನೋಡಿ. ಕರಕರ ಅಂದರೆ ಅಲ್ಲೇ. ಫೋನ್ ಜೇಬಲ್ಲಿಟ್ಟು ಕೂತಾಗ ಅಲ್ಲೇ ಮಡಚುವುದು. ಮುಂದಿನ ಸಲ ಎಲ್ ಆಕಾರದ ಜ್ಯಾಕ್ ಇರುವುದನ್ನೇ ತಗೊಳ್ಳಿ.

ತಂತಿಪುರಾಣ: ಎಲ್ ಜ್ಯಾಕ್ ಎಲ್ಲರಿಗೂ ಆಗಲ್ಲ. ದಪ್ಪ ಕವರ್ ಹಾಕಿದ ಫೋನಿಗೆ ಅದು ಪೂರ್ತಿ ಒಳಗೆ ಹೋಗುವುದಿಲ್ಲ. ನೋಡಬೇಕಾದ್ದು ಜ್ಯಾಕ್ ಬುಡದ ರಬ್ಬರ್ ತೋಳು. ಅದು ಉದ್ದವಾಗಿ, ಬಾಗುವ ಹಾಗಿದ್ದರೆ ನೇರ ಜ್ಯಾಕೂ ಬಾಳುತ್ತದೆ.

ಬೆಸುಗೆಗಾರ: ನನ್ನ ಹತ್ತಿರ ರಿಪೇರಿಗೆ ಬರುವುದು ಬಹುಪಾಲು ನೇರ ಜ್ಯಾಕಿನವೇ. ರಬ್ಬರ್ ತೋಳು ಇದ್ದವೂ ಬರುತ್ತವೆ.

ತಂತಿಪುರಾಣ: ನೇರ ಜ್ಯಾಕಿನವು ಜಾಸ್ತಿ ಮಾರಾಟವಾದರೆ ರಿಪೇರಿಗೂ ಅವೇ ಜಾಸ್ತಿ ಬರುತ್ತವೆ, ಅಲ್ವಾ?

ಸಂಜೆರಾಗ: ಬಗ್ಗಿಸಿ ನೋಡಿದೆ. ಕರಕರ ಇಲ್ಲ, ಏನೂ ಬದಲಾಗಲಿಲ್ಲ.

ಬೆಸುಗೆಗಾರ: ಹಾಗಾದರೆ ವೈರ್ ಎರಡಾಗಿ ಕವಲೊಡೆಯುವ ಜಾಗ. ಅಲ್ಲೂ ಇಲ್ಲದಿದ್ದರೆ ಜ್ಯಾಕ್ ಕತ್ತರಿಸಿ ಹೊಸದು ಹಾಕಿ. ಒಳಗಿನ ಎಳೆಗಳ ಮೇಲೆ ಬಣ್ಣದ ಅರಗಿನಂಥ ಲೇಪ ಇರುತ್ತದೆ. ಅದನ್ನು ಕಾಯಿಸಿ ಸುಡದೆ ಸೋಲ್ಡರ್ ಹಿಡಿಯುವುದಿಲ್ಲ.

ಗಾಳಿಗೀತ: ವೈರೇ ಇಲ್ಲದ್ದು ತಗೊಂಡರೆ ಈ ರಗಳೆಯೇ ಇಲ್ಲ.

ತಂತಿಪುರಾಣ: ಬಾಳಿಕೆ ಬೇಕು ಅಂದವರಿಗೆ ಅದನ್ನು ಹೇಳಬೇಡಿ. ಆ ಪುಟ್ಟ ಬ್ಯಾಟರಿ ದಿನಾ ಚಾರ್ಜ್ ಆಗಿ ಆಗಿ ಸೊರಗುತ್ತದೆ, ಸಾಮಾನ್ಯವಾಗಿ ಬದಲಾಯಿಸೋಕೂ ಆಗಲ್ಲ. ಐಪಿಎಕ್ಸ್4 ಅಂತ ಬರೆದಿದ್ದರೆ ಬೆವರು, ನೀರಿನ ಹನಿ ತಡೆಯುತ್ತದೆ ಅಷ್ಟೇ. ಎಷ್ಟೋ ಸಲ ಚಾರ್ಜಿಂಗ್ ಡಬ್ಬಿಗೆ ಅದೂ ಇರುವುದಿಲ್ಲ.

ನಾದಜೀವಿ: ನನ್ನದು ಪ್ಲೇನಾರ್ ಡ್ರೈವರ್ (ಡ್ರೈವರ್ ಅಂದರೆ ಒಳಗೆ ಸದ್ದು ಹೊರಡಿಸುವ ಭಾಗ, ಇದರಲ್ಲಿ ಅದು ಚಪ್ಪಟೆ ತೆಳುಹಾಳೆ), ಎಡ-ಬಲಕ್ಕೆ ಬೇರೆ ಬೇರೆ ತಂತಿಜೋಡಿ ಇರುವ 4.4 ಮಿ.ಮೀ. ಜ್ಯಾಕಿನ ಬ್ಯಾಲೆನ್ಸ್ಡ್ ಕೇಬಲ್, ಪಕ್ಕದಲ್ಲಿ ಫೋನಿನ ಡಿಜಿಟಲ್ ಹಾಡನ್ನು ಇಯರ್‌ಫೋನಿಗೆ ಬೇಕಾದ ಸಿಗ್ನಲ್ ಮಾಡಿಕೊಡುವ ಬೇರೆಯೇ ಡ್ಯಾಕ್. ತಬಲಾದ ಬಾಯಾ ಮೇಲೆ ಅಂಗೈ ಜಾರಿಸುವುದೂ ಕೇಳಿಸುತ್ತದೆ. ಒಮ್ಮೆ ಈ ಕಡೆ ಬಂದರೆ ವಾಪಸ್ ಹೋಗಲ್ಲ.

ಗಾಳಿಗೀತ: ಅಷ್ಟೆಲ್ಲ ಹೊತ್ತುಕೊಂಡು ಬಸ್ಸು ಹತ್ತುತ್ತೀರಾ?

ನಾದಜೀವಿ: ಡ್ಯಾಕ್ ಬೆಂಕಿಪೊಟ್ಟಣದಷ್ಟೇ ಇದೆ. ಫೋನಿನ ಜೊತೆ ಒಂದೇ ಜೇಬಿನಲ್ಲಿ ಕೂರುತ್ತದೆ.

ಹಳೇಕಿವಿ: ಸಂಜೆರಾಗ ಅವರೇ, ಒಂದು ವಿಷಯ ಹೇಳಿ. ಬಲಗಡೆ ಸದ್ದು ಪೂರ್ತಿ ನಿಂತಿದೆಯೋ, ಬರಬರುತ್ತಾ ಸಣ್ಣಗಾಯಿತೋ?

ಸಂಜೆರಾಗ: ಬರಬರುತ್ತಾ ಸಣ್ಣಗಾಯಿತು. ಈಗ ಕೇಳಿಯೂ ಕೇಳದ ಹಾಗಿದೆ. ಫೋನ್ ಕಾಲ್‌ಗೆ ಬಲಗಡೆ ಒಂದನ್ನೇ ಹಾಕಿಕೊಳ್ಳುತ್ತೇನೆ, ಕೆಲಸ ಇಡೀ ದಿನ ಕಾಲ್‌ನಲ್ಲೇ. ಅದಕ್ಕೇ ತೊಂದರೆ ಆಗಿರೋದು.

ಹಳೇಕಿವಿ: ಇದು ಮೊದಲೇ ಗೊತ್ತಾಗಿದ್ದರೆ ಸೋಲ್ಡರ್ ತನಕ ಹೋಗುವುದೇ ಬೇಕಿರಲಿಲ್ಲ. ವೈರ್ ಕಟ್ ಆದರೆ ಸದ್ದು ಬಂದು ಬಂದು ಹೋಗುತ್ತದೆ. ನಿಧಾನಕ್ಕೆ ಸಣ್ಣಗಾದರೆ ಮೊದಲು ಅನುಮಾನಿಸಬೇಕಾದ್ದು ಕಿವಿಗುಗ್ಗೆಯನ್ನು. ಫೋನ್ ಸೆಟ್ಟಿಂಗ್‌ನಲ್ಲಿ ಎಡ-ಬಲ ಬ್ಯಾಲೆನ್ಸ್ ನಡುವೆ ಇದೆಯಾ ಅಂತ ಒಮ್ಮೆ ನೋಡಿಬಿಡಿ. ಆಮೇಲೆ ಬಲಗಡೆಯದನ್ನು ಎಡಗಿವಿಗೆ ಹಾಕಿ. ಅಲ್ಲೂ ಸಣ್ಣಗೆ ಕೇಳಿದರೆ ಕಿವಿಯ ತೊಂದರೆ ಅಲ್ಲ. ಸಿಲಿಕೋನ್ ಟಿಪ್ ತೆಗೆದು ಟಾರ್ಚ್ ಬಿಟ್ಟು ಜಾಲರಿ ನೋಡಿ. ಕಟ್ಟಿಕೊಂಡಿದ್ದರೆ ಜಾಲರಿ ಕೆಳಮುಖ ಮಾಡಿ ಹಿಡಿದು, ಒಣಗಿದ ಮೆತ್ತನೆ ಬ್ರಷ್‌ನಿಂದ ಉಜ್ಜಿ. ಮೇಲ್ಮುಖ ಹಿಡಿದರೆ ಉದುರಿದ್ದೆಲ್ಲ ಒಳಗೇ ಬೀಳುತ್ತದೆ. ಪಿನ್ ಚುಚ್ಚಬೇಡಿ, ನೀರು ತಾಗಿಸಬೇಡಿ. ಟಿಪ್ ಮಾತ್ರ ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ.

ಸಂಜೆರಾಗ: ಬ್ಯಾಲೆನ್ಸ್ ಸರಿಯಾಗೇ ಇತ್ತು. ಎಡಗಿವಿಯಲ್ಲೂ ಸಣ್ಣಗೇ ಕೇಳಿತು. ಟಿಪ್ ತೆಗೆದರೆ ಜಾಲರಿಯ ತೂತುಗಳೇ ಕಾಣಿಸುತ್ತಿರಲಿಲ್ಲ, ಮೇಲೆ ಹಳದಿ ಪದರ ಕೂತಿತ್ತು. ಉಜ್ಜಿದ ಮೇಲೆ ಸದ್ದು ಬಂತು! ಅದರ ಹಿಂದಿನ ಜೋಡಿಯನ್ನೂ ಉಜ್ಜಿದೆ, ಅದು ಮಾತ್ರ ಏಳಲಿಲ್ಲ. ವೈರ್ ಅಲ್ಲಾಡಿಸಿದರೆ ಬಂದು ಹೋಗುತ್ತದೆ.

ಬೆಸುಗೆಗಾರ: ಆ ಹಳೇ ಜೋಡಿ ಕೇಬಲ್ಲಿನದೇ ತೊಂದರೆ. ಎಸೆಯಬೇಡಿ, ಜ್ಯಾಕ್ ಬದಲಾಯಿಸಬಹುದು.

ಹಳೇಕಿವಿ: ಹೊಸದು ತಗೊಳ್ಳುವುದೇ ಆದರೆ ಕೇಬಲ್ ಬಿಚ್ಚಲು ಬರುವಂಥದ್ದು ನೋಡಿ. 0.78 ಮಿ.ಮೀ. ದಪ್ಪದ ಎರಡು ಪಿನ್ನಿನಿಂದ ಕೇಬಲ್ ಸಿಕ್ಕಿಸುವಂಥದ್ದು ಅಗ್ಗದ ಮಾಡೆಲ್‌ಗಳಲ್ಲೂ ಸಿಗುತ್ತದೆ. ವೈರ್ ಹೋದರೆ ವೈರ್ ಮಾತ್ರ ಬದಲಾಯಿಸಿದರಾಯಿತು. ಒಂದು ಕಡೆ ಸದ್ದು ಹೋದಾಗ ಕೇಬಲ್‌ನ ಎಡ-ಬಲ ಅದಲುಬದಲು ಮಾಡಿ ನೋಡಿ, ತೊಂದರೆ ವೈರಿನದೋ ಡ್ರೈವರಿನದೋ ಅಲ್ಲೇ ಗೊತ್ತಾಗುತ್ತದೆ. ಪಿನ್ ನೇರಕ್ಕೆ ಎಳೆಯಿರಿ, ತಿರುಚಬೇಡಿ.

ನಾದಜೀವಿ: ಎಂಎಂಸಿಎಕ್ಸ್ ಅನ್ನುವ ಗುಂಡನೆ ಕನೆಕ್ಟರ್ ಆದರೆ ತಿರುಗುತ್ತದೆ, ಪಿನ್ ಬಾಗುವ ಭಯವಿಲ್ಲ.

ಬೆಸುಗೆಗಾರ: ತಿರುಗಿ ತಿರುಗಿ ಅದೇ ಸಡಿಲವಾಗುತ್ತದೆ. ನಾನಂತೂ ಎರಡು ಪಿನ್ನಿನದೇ ಅನ್ನುತ್ತೇನೆ.

ಹೊಸಬ: ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಇಯರ್‌ಫೋನಿನಲ್ಲಿ ಹಾಡು ಚೆನ್ನಾಗಿ ಕೇಳುತ್ತದೆ, ಮೈಕ್ ಮಾತ್ರ ಕೆಲಸ ಮಾಡುತ್ತಿಲ್ಲ. ಯಾಕೆ?

ತಂತಿಪುರಾಣ: ಜ್ಯಾಕ್ ಮೇಲೆ ಎಷ್ಟು ಕಪ್ಪು ಗೆರೆ ಇವೆ? ಎರಡೇ ಇದ್ದರೆ ಆ ಜ್ಯಾಕ್‌ನಲ್ಲಿ ಮೈಕ್ ಸಂಪರ್ಕವೇ ಇಲ್ಲ. ಮೂರು ಇದ್ದರೆ ಫೋನ್ ಯಾವುದು, ನಡುವೆ ಅಡಾಪ್ಟರ್ ಇದೆಯಾ ಅಂತ ಹೇಳಿ. ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ನೋಡೋಣ.