ನೀಲ್ಸನ್ ಚೀಲ ಹಾಕಿಕೊಳ್ಳಲಿಲ್ಲ

2025ರ ಮೇ 18, ಭಾನುವಾರ ರಾತ್ರಿ. ನಮ್ಮ ಐಸ್ ಹಾಕಿ ತಂಡ ಟೊರಾಂಟೊ ಮೇಪಲ್ ಲೀಫ್ಸ್ ಸರಣಿಯ ಕೊನೆಯ, ಏಳನೇ ಪಂದ್ಯವನ್ನು ಫ್ಲೋರಿಡಾಗೆ 6-1ರಲ್ಲಿ ಸೋತಿತು. ಸರಣಿಯಲ್ಲಿ ಮೊದಲ ಎರಡು ಪಂದ್ಯ ಗೆದ್ದಿದ್ದು ನಮ್ಮವರೇ. ನಾನು ಟೊರಾಂಟೊ ಪಕ್ಕದ ಮಿಸಿಸಾಗಾದ ಮನೆಯಲ್ಲಿ ಟಿವಿ ಆಫ್ ಮಾಡಿ ಸುಮ್ನೆ ಕೂತಿದ್ದೆ. ಊರಿನಲ್ಲಿ ಆಗ ಸೋಮವಾರ ಬೆಳಿಗ್ಗೆ. 'ಕಡೂರು ಮನೆ' ವಾಟ್ಸಾಪ್ ಗುಂಪಿನಲ್ಲಿ ಚಿಕ್ಕಪ್ಪನ ಶುಭೋದಯದ ಹಿಂದೆಯೇ ಇದು ಬಂತು. ಮೇಲೆ 'ಹಲವು ಬಾರಿ ಫಾರ್ವರ್ಡ್ ಆಗಿದೆ' ಎಂಬ ಗುರುತು.

"ಅಹಂಕಾರ ಬಿಟ್ಟವನೇ ಗೆಲ್ಲುತ್ತಾನೆ 🙏 ಕೆನಡಾದ ಟೊರಾಂಟೊ ಐಸ್ ಹಾಕಿ ತಂಡ ಸೋಲುತ್ತಲೇ ಇತ್ತು. ಮಾಲೀಕ ಕೋಚ್‌ನನ್ನು ಕರೆದು, ತಲೆಗೆ ಕಾಗದದ ಚೀಲ ಹಾಕಿಕೊಂಡು ಬಂದರೆ ಮಾತ್ರ ಕೆಲಸ ಎಂದ. ಕೋಚ್ ಎದುರು ಮಾತಾಡದೆ ಚೀಲ ಹಾಕಿಕೊಂಡು ಬಂದ. ಆ ವರ್ಷ ತಂಡ ಕಪ್ ಗೆದ್ದಿತು! ಯುವಕರು ಓದಲೇಬೇಕು. 10 ಜನರಿಗೆ ಕಳಿಸಿ."

ಚಿಕ್ಕಪ್ಪ: ಪುಟ್ಟಿ, ಇದು ನಿಮ್ಮ ಊರಿನ ತಂಡ ಅಲ್ವಾ?

ಅತ್ತೆ: ಎಷ್ಟು ಒಳ್ಳೆಯ ಮಾತು ಚಿಕ್ಕಣ್ಣ. ಈಗಿನ ಹುಡುಗರಿಗೆ ಬಾಗುವುದೇ ಗೊತ್ತಿಲ್ಲ. 🙏🙏

ಶ್ವೇತಾ: ಮೂಲ ಯಾವುದು ಚಿಕ್ಕಪ್ಪ? ಕೋಚ್ ಹೆಸರಿಲ್ಲ, ವರ್ಷ ಇಲ್ಲ.

ಚಿಕ್ಕಪ್ಪ: ನಮ್ಮ ಪಿಂಚಣಿದಾರರ ಗುಂಪಿನಲ್ಲಿ ಬಂದಿದ್ದು. ಅಲ್ಲಿ ಎಲ್ಲರೂ ಓದಿಕೊಂಡವರು.

ಶ್ವೇತಾ: ಅದು ಮೂಲ ಅಲ್ಲ.

ಮಂಜಣ್ಣ: ಐಸ್ ಮೇಲೆ ಓಡಿದರೆ ಜಾರುವುದಿಲ್ವಾ? ನಮಗೆ ಐಸ್ ಅಂದರೆ ಐಸ್‌ಕ್ಯಾಂಡಿ. ಸಂತೆ ದಿನ ಸೈಕಲ್‌ನಲ್ಲಿ ಬರುತ್ತಿದ್ದವನು ಜ್ಞಾಪಕ ಇದ್ದಾನಾ?

ನನಗೆ ಸುಮ್ಮನಿರಲು ಆಗಲಿಲ್ಲ. ಸೋಲಿನ ಸಿಟ್ಟು ಒಂದು ಕಡೆ. ಆ ಕೋಚ್ ಮೇಲೆ ನನಗಿರುವ ಗೌರವ ಇನ್ನೊಂದು ಕಡೆ. ಉದ್ದಕ್ಕೆ ಬರೆದೆ.

ನಾನು: ಚಿಕ್ಕಪ್ಪ, ಅರ್ಧ ನಿಜ. ಕೋಚ್ ಹೆಸರು ರಾಜರ್ ನೀಲ್ಸನ್. ಮಾಲೀಕ ಹೆರಾಲ್ಡ್ ಬ್ಯಾಲಾರ್ಡ್. 1979ರ ಮಾರ್ಚ್. ಮಾಂಟ್ರಿಯಲ್‌ನಲ್ಲಿ ಸೋತ ಮೇಲೆ ಬ್ಯಾಲಾರ್ಡ್ ನೀಲ್ಸನ್‌ನನ್ನು ತೆಗೆದುಹಾಕಿದ. ಬದಲಿ ಕೋಚ್ ಸಿಗಲಿಲ್ಲ. ನಾಯಕ ಡ್ಯಾರಿಲ್ ಸಿಟ್ಲರ್ ಮತ್ತು ಆಟಗಾರರು ನಮಗೆ ಅವರೇ ಬೇಕು ಎಂದರು. ಸರಿ, ವಾಪಸ್ ಬಾ, ಆದರೆ ತಲೆಗೆ ಚೀಲ ಹಾಕಿಕೊಂಡು ಬಾ, ಪಂದ್ಯ ಶುರುವಾಗುವಾಗ ತೆಗೆ, ಜನಕ್ಕೆ ತಮಾಷೆಯಾಗಿರುತ್ತದೆ ಎಂದ ಬ್ಯಾಲಾರ್ಡ್. ನೀಲ್ಸನ್ ಆಗುವುದಿಲ್ಲ ಎಂದರು. ಬರಿ ಮುಖದಲ್ಲೇ ಬಂದು ನಿಂತರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಕಪ್ಪಂತೂ, ಅಂದರೆ ಲೀಗಿನ ಸ್ಟ್ಯಾನ್ಲಿ ಕಪ್, ಬರಲಿಲ್ಲ. ಈ ತಂಡಕ್ಕೆ ಕೊನೆಯ ಕಪ್ ಬಂದಿದ್ದು 1967ರಲ್ಲಿ.

ಶ್ವೇತಾ: ನೋಡಿದಿರಾ? ಕಥೆಯ ಕೊನೆಯನ್ನೇ ತಿರುಗಿಸಿಬಿಟ್ಟಿದ್ದಾರೆ.

ಚಿಕ್ಕಪ್ಪ: ನೀತಿ ಮುಖ್ಯ. ಚೀಲ ಹಾಕಿಕೊಂಡನೋ ಇಲ್ಲವೋ ಮುಖ್ಯ ಅಲ್ಲ.

ಅಲ್ಲಿಗೆ ರಘು ಬಂದ. ರಘು ದೊಡ್ಡಪ್ಪನ ಮಗ. ಗುಂಪಿನಲ್ಲಿ ಮಾತಾಡುವುದೇ ಅಪರೂಪ.

ರಘು: ಚಿಕ್ಕಪ್ಪ, ಇದನ್ನು ಯಾರಿಗೆ ಹೇಳಲು ಹಾಕಿದಿರಿ?

ಚಿಕ್ಕಪ್ಪ: ಯಾರಿಗೂ ಅಲ್ಲ. ಎಲ್ಲರಿಗೂ.

ರಘು: ನಮ್ಮಪ್ಪನೂ ಈ ಗುಂಪಿನಲ್ಲಿದ್ದಾರೆ. ಅವರೂ ಮೇಷ್ಟ್ರು, ಅವರೂ ಕೋಚ್. ಪ್ರಾರ್ಥನೆಗೆ ನಿಂತ ಮಕ್ಕಳ ಮುಂದೆ ಕ್ಷಮೆ ಕೇಳು ಅಂದಾಗ ಕೇಳಲಿಲ್ಲ. ಆಗಲೂ ನೀವು ಇದೇ ಹೇಳಿದಿರಿ, 'ಒಂದು ಮಾತು, ಕೇಳಿಬಿಡು ಅಣ್ಣ' ಅಂತ.

ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದೊಡ್ಡಪ್ಪ ಒಂದು ಖಾಸಗಿ ಶಾಲೆಯಲ್ಲಿ ಪಿಟಿ ಮೇಷ್ಟ್ರಾಗಿದ್ದರು. ಕಪ್ಪು ದಾರದಲ್ಲಿ ಕಟ್ಟಿದ ವಿಷಲ್ ಯಾವಾಗಲೂ ಕೊರಳಲ್ಲಿ ಇರುತ್ತಿತ್ತು. ಊಟಕ್ಕೆ ಕೂತಾಗ ಅದನ್ನು ಅಂಗಿಯ ಜೇಬಿಗೆ ಇಳಿಬಿಡುತ್ತಿದ್ದರು, ಸಾರಿನಲ್ಲಿ ಬೀಳಬಾರದು ಅಂತ. ಒಂದು ವರ್ಷ ಅವರ ಕಬಡ್ಡಿ ತಂಡ ತಾಲ್ಲೂಕು ಫೈನಲ್ ಸೋತಿತು. ಜ್ವರ ಬಂದ ಹುಡುಗನನ್ನು ಆಡಿಸಲಿಲ್ಲ ಎಂಬುದೇ ಅವರ ಮೇಲಿನ ದೂರು. ಆಡಳಿತದವರು ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳಲು ಹೇಳಿದರು. ದೊಡ್ಡಪ್ಪ ವಿಷಲ್ ಸಮೇತ ಮನೆಗೆ ಬಂದರು. ಎಂಟು ತಿಂಗಳು ಸಂಬಳ ಇರಲಿಲ್ಲ.

ಚಿಕ್ಕಪ್ಪ: ಆ ಎಂಟು ತಿಂಗಳು ಮನೆಗೆ ಅಕ್ಕಿ ಯಾರು ತಂದು ಹಾಕಿದ್ದು ಅಂತಲೂ ಬರಿ ರಘು.

ರಘು: ಅಕ್ಕಿ ತಂದಿರಿ. ಪ್ರತಿ ಮೂಟೆಯ ಜೊತೆ ಒಂದು ಬುದ್ಧಿಮಾತನ್ನೂ ತಂದಿರಿ.

ಅತ್ತೆ: ಬೆಳಿಗ್ಗೆ ಬೆಳಿಗ್ಗೆ ಏನಿದು? ದೀಪ ಹಚ್ಚಿ ಬರುವಷ್ಟರಲ್ಲಿ 43 ಮೆಸೇಜು. ದೊಡ್ಡವರಿಗೆ ಎದುರು ಮಾತಾಡಬಾರದು ರಘು.

ಶ್ವೇತಾ: ಅತ್ತೆ, ಫಾರ್ವರ್ಡ್ ಸುಳ್ಳು ಅಂತ ಈಗಲಾದರೂ ಒಪ್ಪಿಕೊಳ್ಳೋಣ.

ಅತ್ತೆ: ನೀನು ನನ್ನ ಅರಿಶಿನದ ಮೆಸೇಜಿಗೂ ಮೂಲ ಕೇಳಿದವಳು.

ಮಂಜಣ್ಣ: ಅದು ಬಿಡಿ. ಆ ಮೈದಾನಕ್ಕೆ ಬೆಳಿಗ್ಗೆ ಆರಕ್ಕೆ ಹೋಗಿ ಸುಣ್ಣದ ಪುಡಿಯಲ್ಲಿ ಗೆರೆ ಹಾಕುತ್ತಿದ್ದುದು ನಾನು ಮತ್ತು ರಘು. ಇಬ್ಬನಿಗೆ ಸುಣ್ಣ ನೆನೆದು ಅಂಗಾಲು ಉರಿಯುತ್ತಿತ್ತು. ದೊಡ್ಡಪ್ಪ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು.

ಶ್ವೇತಾ ನನ್ನನ್ನೂ ಬಿಡಲಿಲ್ಲ. 'ಪುಟ್ಟಿ, ಇಷ್ಟು ವರ್ಷ ಕಪ್ ಇಲ್ಲ ಅಂದರೆ ಕೋಚ್‌ಗಳೇ ಸರಿ ಇಲ್ಲ ಅಂತ ಅಲ್ವಾ?' ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಪ್ರತಿ ಸೋಲಿನ ಮರುದಿನ ಇಲ್ಲಿನ ಆಫೀಸುಗಳಲ್ಲೂ ಇದೇ ಮಾತು.

ನಾನು: ಹಾಗೇನಿಲ್ಲ. ಇಲ್ಲಿಂದ ಹೋದವರು ಬೇರೆ ಕಡೆ ಗೆದ್ದಿದ್ದಾರೆ. ಡಿಕ್ ಇರ್ವಿನ್ 1932ರಲ್ಲಿ ಕಪ್ ತಂದರು, ಆಮೇಲೆ ಆರು ಸಲ ಫೈನಲ್‌ನಲ್ಲಿ ಸೋತರು. 1940ರಲ್ಲಿ ಮಾಂಟ್ರಿಯಲ್‌ಗೆ ಹೋಗಿ ಅಲ್ಲಿ ಮೂರು ಕಪ್ ಗೆದ್ದರು. ನಿನ್ನೆ ನಮ್ಮನ್ನು ಸೋಲಿಸಿದ ಫ್ಲೋರಿಡಾದ ಕೋಚ್ ಪಾಲ್ ಮಾರಿಸ್ ಯಾರು ಗೊತ್ತಾ? 2008ರಲ್ಲಿ ಟೊರಾಂಟೊ ತಂಡವೇ ಕೆಲಸದಿಂದ ತೆಗೆದ ಕೋಚ್. ಕಳೆದ ವರ್ಷ ಅವರಿಗೆ ಕಪ್ ಬಂತು.

ಶ್ವೇತಾ: ಹಾಗಾದರೆ ಇಲ್ಲಿ ಗೆದ್ದವರು?

ನಾನು: ಹ್ಯಾಪ್ ಡೇ, ಐದು ಕಪ್. 1942ರ ಫೈನಲ್‌ನಲ್ಲಿ ಡೆಟ್ರಾಯ್ಟ್ ಎದುರು ಮೊದಲ ಮೂರು ಪಂದ್ಯ ಸೋತು 3-0 ಹಿಂದೆ ಬಿದ್ದಿದ್ದರು. ಹೆಸರುವಾಸಿ ಆಟಗಾರರನ್ನು ಕೂರಿಸಿ ಬೇರೆಯವರನ್ನು ಇಳಿಸಿದರು. ಉಳಿದ ನಾಲ್ಕೂ ಗೆದ್ದರು. ಆಮೇಲೆ ಪಂಚ್ ಇಮ್ಲಾಕ್, ನಾಲ್ಕು ಕಪ್. ಅವರನ್ನೂ 1969ರಲ್ಲಿ ಬಾಸ್ಟನ್‌ಗೆ ಸೋತ ರಾತ್ರಿಯೇ ತೆಗೆದರು.

ಇದನ್ನು ಯಾರೂ ಓದಲಿಲ್ಲ. ರಘು ಮತ್ತು ಚಿಕ್ಕಪ್ಪ ಅಷ್ಟರಲ್ಲಿ 2011ರ ಗೃಹಪ್ರವೇಶಕ್ಕೆ ಹೋಗಿದ್ದರು. ಯಾರು ಯಾರನ್ನು ಫೋನಿನಲ್ಲಿ ಮಾತ್ರ ಕರೆದರು, ಯಾರು ಊಟ ಮಾಡದೆ ಎದ್ದು ಹೋದರು. ಅತ್ತೆ ಮೂರು ಸಲ ಕೈ ಮುಗಿದರು. ದೊಡ್ಡಪ್ಪನ ಹೆಸರಿನ ಎದುರು ಮಾತ್ರ ಆಗಾಗ 'ಟೈಪ್ ಮಾಡುತ್ತಿದ್ದಾರೆ' ಎಂದು ಬಂದು ಹೋಗುತ್ತಿತ್ತು. ಅವರು ಒಂದು ಬೆರಳಿನಲ್ಲಿ ಬರೆಯುತ್ತಾರೆ. ನಾನು ಫೋನು ಹಿಡಿದು ಕಾದೆ.

ದೊಡ್ಡಪ್ಪ: ಆ ನೀಲ್ಸನ್ ಮೊದಲು ಏನು ಕೆಲಸದಲ್ಲಿದ್ದ

ನಾನು: ಪೀಟರ್‌ಬರೋ ಅನ್ನುವ ಊರಿನಲ್ಲಿ ಹೈಸ್ಕೂಲು ಮೇಷ್ಟ್ರು ದೊಡ್ಡಪ್ಪ. ವ್ಯಾಯಾಮ ಶಿಕ್ಷಣ ಓದಿದ್ದವರು. ಹುಡುಗರ ತಂಡಕ್ಕೆ ಕೋಚ್ ಆಗಿದ್ದಾಗ ಪೆನಾಲ್ಟಿ ಹೊಡೆತಕ್ಕೆ ಗೋಲ್‌ಕೀಪರ್‌ನನ್ನು ಹೊರಗೆ ಕಳಿಸಿ ಒಬ್ಬ ಡಿಫೆಂಡರ್‌ನನ್ನು ನಿಲ್ಲಿಸುತ್ತಿದ್ದರು. ಅವನು ಹೊಡೆಯುವವನ ಮೇಲೆ ನುಗ್ಗುತ್ತಿದ್ದ. ನಿಯಮದಲ್ಲಿ ಬೇಡ ಅಂತ ಬರೆದಿರಲಿಲ್ಲ. ಇವರಿಂದಾಗಿ ಬರೆದರು.

ದೊಡ್ಡಪ್ಪ: ಚೀಲ ಬೇಡ ಅಂದಮೇಲೆ ಕೆಲಸ ಉಳಿಯಿತಾ

ನಾನು: ಆ ಸೀಸನ್ ಮುಗಿಯುವವರೆಗೆ. ಆಮೇಲೆ ತೆಗೆದರು. ಮುಂದೆ ವ್ಯಾಂಕೂವರ್‌ಗೆ ಹೋದರು. 1982ರಲ್ಲಿ ಒಂದು ಪಂದ್ಯದಲ್ಲಿ ಅಂಪೈರಿಂಗ್ ಸರಿ ಇಲ್ಲ ಅಂತ ಸ್ಟಿಕ್ಕಿನ ತುದಿಗೆ ಬಿಳಿ ಟವೆಲ್ ಸಿಕ್ಕಿಸಿ ಎತ್ತಿ ಹಿಡಿದರು, ಶರಣಾದೆವು ಅನ್ನುವ ಹಾಗೆ. ಊರಿಗೆ ಬಂದಾಗ ಸಾವಿರಾರು ಜನ ಟವೆಲ್ ಬೀಸಿದರು. ಆ ವರ್ಷ ತಂಡ ಫೈನಲ್ ತಲುಪಿತು. ಟವೆಲ್ ಹಿಡಿದ ಅವರ ಪ್ರತಿಮೆ ಈಗ ಅಲ್ಲಿನ ಕ್ರೀಡಾಂಗಣದ ಹೊರಗಿದೆ.

ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ.

ಚಿಕ್ಕಪ್ಪ: ಕಥೆ ತಪ್ಪಿರಬಹುದು. ಅವತ್ತು ನಾನು ಹೇಳಿದ್ದು ತಪ್ಪಲ್ಲ ಅಣ್ಣ. ಮನೆಯಲ್ಲಿ ಮೂರು ಮಕ್ಕಳಿದ್ದವು.

ದೊಡ್ಡಪ್ಪ: ಗೊತ್ತು. ಅಕ್ಕಿಯೂ ಜ್ಞಾಪಕ ಇದೆ. ಆದರೆ ಆ ಹುಡುಗನಿಗೆ 103 ಜ್ವರ ಇತ್ತು. ಇವತ್ತು ಕೇಳಿದರೂ ಕ್ಷಮೆ ಕೇಳುವುದಿಲ್ಲ

ರಘು ಒಂದು ಹೃದಯ ಹಾಕಿದ. ಚಿಕ್ಕಪ್ಪ ಏನೂ ಹಾಕಲಿಲ್ಲ. ಫಾರ್ವರ್ಡನ್ನು ಅಳಿಸಲೂ ಇಲ್ಲ.

ದೊಡ್ಡಪ್ಪ: ಪುಟ್ಟಿ ಅವನು ಬೇರೆ ಏನು ಕಲಿಸುತ್ತಿದ್ದ

ನಾನು: ಅವರ ಹತ್ತಿರ ಜಾಕ್ ಅಂತ ಒಂದು ನಾಯಿ ಇತ್ತು. ಅದನ್ನು ಐಸ್ ಮೇಲೆ ಕರೆತಂದು ಗೋಲಿನ ಮುಂದೆ ಕೂರಿಸಿ, ತಾವು ಗೋಲಿನ ಹಿಂದೆ ನಿಲ್ಲುತ್ತಿದ್ದರು. ನಾಯಿ ಹಿಂದಕ್ಕೆ ಅಟ್ಟಿಕೊಂಡು ಹೋಗುತ್ತಿರಲಿಲ್ಲ. ಇವರು ಯಾವ ಕಡೆಯಿಂದ ಬರುತ್ತಾರೆ ಅಂತ ಮುಂದೆಯೇ ಕಾಯುತ್ತಿತ್ತು. ನಾಯಿಗೆ ಗೊತ್ತು, ನಿಮಗೆ ಗೊತ್ತಿಲ್ವಾ ಅಂತ ಆಟಗಾರರಿಗೆ ತೋರಿಸುತ್ತಿದ್ದರಂತೆ.

ದೊಡ್ಡಪ್ಪ: ಸರಿಯಾಗಿದೆ. ಕಬಡ್ಡಿಯಲ್ಲೂ ಅಷ್ಟೇ. ರೈಡರ್ ಹಿಂದೆ ಓಡಬಾರದು. ಅವನು ಗೆರೆಗೆ ವಾಪಸ್ ಬರಲೇಬೇಕು

ಮಂಜಣ್ಣ: ಆ ಗೆರೆ ಹಾಕಿದ್ದು ನಾನು ದೊಡ್ಡಪ್ಪ.

ದೊಡ್ಡಪ್ಪ: ಸೊಟ್ಟ ಹಾಕುತ್ತಿದ್ದೆ